ಎದುರು ಬಾಗಿಲು

ಭಾನುವಾರ, ಜೂನ್ ೧೪

ಮುದ್ದಿನ ಪುಟ್ಟಿಗೆ,

ಅಮ್ಮನ ಪ್ರೀತಿ, ಜೊತೆಗೆ ಸ್ವಲ್ಪ ಸಿಟ್ಟೂ. ಬಿಲ್ಡರನ ಕರಾರಿಗೆ ಎಲ್ಲರೂ ಸಹಿ ಹಾಕಿರುವಾಗ ನಿನ್ನದೇನು ಹಟ ಎಂದು ನೀನು ಬರೆದದ್ದನ್ನು ಓದಿ, ಹೊಲಿಗೆ ಯಂತ್ರ ನಿಲ್ಲಿಸಿ ಕೂತೆ. ಸೊಸೈಟಿಯ ಕಾರ್ಯದರ್ಶಿ ಫೋನು ಮಾಡಿ ನಿನ್ನ ಕಿವಿ ಊದಿದ್ದಾರೆ ಅಂತ ಗೊತ್ತು. ಅವರು ಹೇಳಿದ್ದು ಅರ್ಧ. ಉಳಿದದ್ದನ್ನು ನನ್ನಿಂದ ಕೇಳು.

ಕಟ್ಟಡ ಒಡೆಯಬೇಡಿ ಅಂತ ನಾನು ಯಾವತ್ತೂ ಹೇಳಿಲ್ಲ. ಹೋದ ತಿಂಗಳು ಹಜಾರದ ಚಾವಣಿಯ ಗಾರೆ ಕಳಚಿ, ಹೊಲಿಯುತ್ತಿದ್ದ ಪರದೆಯ ಮೇಲೆಯೇ ಬಿತ್ತು. ಒಡೆಯಲಿ, ಹೊಸದು ಕಟ್ಟಲಿ. ಆದರೆ ಹೊಸ ಮನೆಗಳನ್ನು ಚೀಟಿ ಎತ್ತಿ ಹಂಚುತ್ತಾರಂತೆ. ನನಗೆ ಮೂರನೇ ಮಹಡಿ, ಎದುರುಮನೆಯ ಗಡಿಯಾರ ರಿಪೇರಿ ಮಾಸ್ಟರಿಗೆ ಹನ್ನೊಂದನೆಯದು ಬಂದರೂ ಬಂತು. ನನ್ನ ತಕರಾರು ಅಷ್ಟೇ.

ನಮ್ಮ ಮಹಡಿಯ ಎಡವಟ್ಟು ನೆನಪಿದೆಯಲ್ಲ? ಕಟ್ಟಿದವರು ಯಾವ ಗುಂಗಿನಲ್ಲಿದ್ದರೋ, ನಮ್ಮ ನೀರಿನ ವಾಲ್ವು ಅವರ ಅಡುಗೆಮನೆಯಲ್ಲಿ, ಅವರ ಫ್ಯೂಸು ನಮ್ಮ ಹಜಾರದಲ್ಲಿ. ಬೆಳಿಗ್ಗೆ ನೀರು ಬಿಡಲು ನಾನು ಅಲ್ಲಿಗೆ, ಕರೆಂಟು ಹೋದರೆ ಅವರು ಇಲ್ಲಿಗೆ. ಅದಕ್ಕೇ ಅವರ ಬೀಗದ ಕೈ ನಮ್ಮಲ್ಲಿ, ನಮ್ಮದು ಅವರಲ್ಲಿ. ನಿನ್ನ ಅಪ್ಪ ತೀರಿಕೊಂಡ ವರ್ಷ ನಾನು ಜ್ವರದಲ್ಲಿ ಎಚ್ಚರ ತಪ್ಪಿ ಬಿದ್ದಿದ್ದಾಗ, ನೀರು ಬಿಡಲು ನಾನು ಇನ್ನೂ ಬಂದಿಲ್ಲವಲ್ಲ ಎಂದು ಬಾಗಿಲು ತೆರೆದು ಬಂದವರು ಮಾಸ್ಟರು. ಹೊಸ ಕಟ್ಟಡದಲ್ಲಿ ಆ ತಾಪತ್ರಯವೇ ಇಲ್ಲ, ನಿಮ್ಮದೆಲ್ಲ ನಿಮ್ಮ ಮನೆಯೊಳಗೇ ಎಂದು ಬಿಲ್ಡರನ ಎಂಜಿನಿಯರು ಹೆಮ್ಮೆಯಿಂದ ಹೇಳಿದ. ನನಗೆ ಮೈ ಉರಿದುಹೋಯಿತು.

ತಮಾಷೆ ಏನೆಂದರೆ, ಮಾಸ್ಟರು ಮೊದಲ ದಿನವೇ ಸಹಿ ಹಾಕಿ ಬಂದಿದ್ದರು. ನಾನು ಮಾತು ಬಿಟ್ಟೆ. ನೀರು ಬಿಡಲು ಹೋದಾಗಲೂ ಅವರ ಮುಖ ನೋಡಲಿಲ್ಲ.

ಸೊಸೈಟಿ ನನ್ನ ಮೇಲೆ ಕೇಸು ಹಾಕಿತು. ಮೊನ್ನೆ ಶುಕ್ರವಾರ ವಿಚಾರಣೆ. ಇಂಥವರೇ ನೆರೆಯವರಾಗಬೇಕು ಅನ್ನುವುದಕ್ಕೆ ಕಾನೂನಿಲ್ಲ ಎಂದು ನಮ್ಮ ವಕೀಲರೇ ಕೈಚೆಲ್ಲಿದ್ದರು. ನ್ಯಾಯಾಧೀಶರು, ಹೆಂಗಸು, ನಿಮಗೆ ಬೇಕಾದದ್ದೇನು ಎಂದು ನೇರವಾಗಿ ನನ್ನನ್ನೇ ಕೇಳಿದರು. ಎದುರುಬದುರು ಇದ್ದವರು ಬಯಸಿದರೆ ಹಾಗೆಯೇ ಇರಬಹುದು ಎಂದು ಕರಾರಿನಲ್ಲಿ ಒಂದು ಸಾಲು ಸೇರಿಸಲಿ, ಇಲ್ಲೇ ಸಹಿ ಹಾಕುತ್ತೇನೆ ಎಂದೆ. ಆ ನೆರೆಯವರಿಗೂ ಅದು ಬೇಕೇ ಎಂದರು. ಮಾತು ಬಿಟ್ಟಿದ್ದ ನಾನು ಅದನ್ನು ಅವರನ್ನು ಕೇಳಿಯೇ ಇರಲಿಲ್ಲ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಮಾಸ್ಟರು ಎದ್ದು ನಿಂತರು. ಅವರು ಬಂದದ್ದೇ ನನಗೆ ಗೊತ್ತಿರಲಿಲ್ಲ.

"ಬೇಕು ಮೇಡಂ. ಎದುರು ಬಾಗಿಲು ಇವರದ್ದೇ ಇರುತ್ತೆ ಅಂದ್ಕೊಂಡೇ ನಾನು ಸಹಿ ಹಾಕಿದ್ದು."

ಆ ಸಾಲು ಸೇರಿಸಲು ಏನು ಅಡ್ಡಿ ಎಂದು ಬಿಲ್ಡರು ಮುಂದಿನ ವಿಚಾರಣೆಯಲ್ಲಿ ಉತ್ತರ ಕೊಡಬೇಕು. ಗೆಲ್ಲುತ್ತೇನೋ ಇಲ್ಲವೋ, ಆ ಸಾಲು ಬರುವ ತನಕ ನನ್ನ ಪೆನ್ನು ಕಾಗದ ಮುಟ್ಟುವುದಿಲ್ಲ. ಕಾರ್ಯದರ್ಶಿ ಮತ್ತೆ ಫೋನು ಮಾಡಿದರೆ ಇದನ್ನೇ ಹೇಳು. ನೀನು ನನ್ನ ಕಡೆ ಇರಬೇಕು ಪುಟ್ಟಿ.

ಇಂತಿ,
ನಿನ್ನ ಹಟಮಾರಿ ಅಮ್ಮ

ತಾ.ಕ.: ಕೋರ್ಟಿನಿಂದ ಬರುವಾಗ ಬಸ್ಸಿನಲ್ಲಿ ಮಾಸ್ಟರು, ಇಷ್ಟೆಲ್ಲ ರಂಪ ಯಾಕೆ, ಮದುವೆಯಾಗಿ ಒಂದೇ ಮನೆಯಲ್ಲಿ ಇರಬಹುದಲ್ಲ ಎಂದು ಕಿಟಕಿಯಾಚೆ ನೋಡುತ್ತಾ ಕೇಳಿದರು. ಈಗ ಹೂಂ ಅಂದರೆ ಕೇಸು ಬಿದ್ದುಹೋಗುತ್ತದೆ ಎಂದೆ. ಮೊದಲು ಎದುರು ಬಾಗಿಲು ಸಿಗಲಿ, ಆಮೇಲೆ ಅದನ್ನು ತಟ್ಟಿ ಕೇಳಿ ಎಂದಿದ್ದೇನೆ.