ವಾರ್ನಿಷ್ ತಪ್ಪಿಸಿಕೊಂಡ ಮುಚ್ಚಳ

ಹಳೆಯ ಮಡಿಕೆಗಳನ್ನು ಕಾಯಬೇಕಾದ ಅಧಿಕಾರಿಗಳೇ,

ಮುದನಾಳದ ನನ್ನ ಹೊಲದಲ್ಲಿ ಸಿಕ್ಕ ಹನ್ನೊಂದು ಪ್ರಾಚೀನ ಮಡಿಕೆಗಳಿಗೆ ತಾವು ವಾರ್ನಿಷ್ ಹೊಡೆಸಿದ್ದೀರಿ. ಮಂತ್ರಿಗಳು ನೋಡಲು ಬರುತ್ತಾರೆಂದು ಮೊದಲು ತೆಂಗಿನ ನಾರಿನಿಂದ ಗಸಗಸ ತಿಕ್ಕಿಸಿ, ಆಮೇಲೆ ಕಚೇರಿಯ ಬಾಗಿಲಿಗೆ ಬಳಿದು ಉಳಿದದ್ದನ್ನು ಬಳಿಸಿದಿರಿ. ಈಗ ಬಾಗಿಲಿಗೂ ಮಡಿಕೆಗೂ ಒಂದೇ ಹೊಳಪು. ಸಮಾನತೆಯನ್ನು ಇಷ್ಟು ಶ್ರದ್ಧೆಯಿಂದ ಜಾರಿಗೆ ತಂದ ಇನ್ನೊಂದು ಕಚೇರಿಯನ್ನು ನಾನು ಕಂಡಿಲ್ಲ. ಮಂತ್ರಿಗಳು ಬರಲೇ ಇಲ್ಲವೆಂಬುದು ಬೇರೆ ಮಾತು.

ಆ ಮಡಿಕೆಗಳ ಮೇಲೆ ಮೊದಲೇ ಒಂದು ಲೇಪವಿತ್ತು, ಸ್ವಾಮಿ. ನಾನು ಅವನ್ನು ತಮಗೆ ಒಪ್ಪಿಸಿದ ವಾರವೇ ಪುರಾತತ್ವ ಓದುವ ಗುರುದೇವಿ ಬಂದು, ನಮ್ಮೂರ ಕುಂಬಾರ ಮನೆತನದ ಮರಿಲಿಂಗಮ್ಮನ ಮುಂದೆ ಕೂತಳು. ಎಂಬತ್ತರ ಮುದುಕಿ ತನ್ನ ನೀರಿನ ಹರವಿಯ ಮೇಲಿದ್ದ, ಅದೇ ಹೊಲದಲ್ಲಿ ಎಂದೋ ಸಿಕ್ಕ, ಅಂಚು ಮುರಿದ ಕೆಂಪು ಮುಚ್ಚಳ ತೆಗೆದು ಬೆರಳಾಡಿಸಿದಳು.

"ಮ್ಯಾಲ ಬ್ಯಾರೆ ಮಣ್ಣಿನ ನೀರು ಬಳದಾರವ್ವ. ಆರಿದ ಮ್ಯಾಲ ನುಣ್ಣನ್ನ ಕಲ್ಲೀಲೆ ತಿಕ್ಕ್ಯಾರ. ನಮ್ಮತ್ತಿ ಹತ್ತಿಕುಣಿ ಕಡಿಂದ ಇಂಥಾದ ಮಣ್ಣು ತರ್ತಿದ್ಳು. ಅದ ಮಣ್ಣೇನು ಇದು?"

"ಬರೀ ಕಣ್ಣೀಲೆ ಹೇಳಾಕ ಬರಂಗಿಲ್ಲಜ್ಜಿ," ಎಂದಳು ಗುರುದೇವಿ. ಮುರಿದ ಅಂಚನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಲೇಪ ಬೇರೆ ಪದರವಾಗಿ ಕಾಣುತ್ತದಂತೆ. ಅದರಲ್ಲಿನ ಧಾತುಗಳನ್ನು ಹತ್ತಿಕುಣಿಯ ಮಣ್ಣಿನೊಂದಿಗೆ ಹೋಲಿಸಿದರೆ ಉತ್ತರ ಸಿಗಬಹುದಂತೆ. ಪಾಪ, ಕಾನೂನು ಮೀರಬಾರದೆಂದು ಆಕೆ ಮಡಿಕೆಗಳ ಜೊತೆ ಮುಚ್ಚಳವನ್ನೂ ಸೇರಿಸಿ ಪರೀಕ್ಷೆಗೆ ತಮ್ಮಲ್ಲೇ ಅನುಮತಿ ಕೇಳಿದಳು. ಅರ್ಜಿ ಮೇಜಿನ ಮೇಲೆ ಮಲಗಿತು, ಬ್ರಷ್ ಎದ್ದಿತು.

ಮುದುಕಿ ದಿನಾ ನನ್ನನ್ನು ಕೇಳುತ್ತಾಳೆ, "ಏನಂದ್ರೋ ಚಂದ್ರಾಮ? ಅದ ಮಣ್ಣಂತೇನು?" ಏನೆಂದು ಹೇಳಲಿ? ಎರಡು ಸಾವಿರ ವರ್ಷ ಮಣ್ಣೊಳಗೆ ಉಳಿದ ಲೇಪ ಒಂದೇ ಮಧ್ಯಾಹ್ನ ತಮ್ಮ ಕಚೇರಿಯ ಬಚ್ಚಲಿಗೆ ಹರಿದುಹೋಯಿತೆಂದೇ? ನನಗೆ ನಾಚಿಕೆಯಾಗುತ್ತದೆ. ಒಪ್ಪಿಸಿದವನು ನಾನೇ ಅಲ್ಲವೇ.

ಈಗ ತಮ್ಮ ನೋಟೀಸು ಬಂದಿದೆ: ಏಳು ದಿನದೊಳಗೆ ಮುಚ್ಚಳವನ್ನೂ 'ಸೌಂದರ್ಯೀಕರಣಕ್ಕಾಗಿ' ಒಪ್ಪಿಸಬೇಕಂತೆ. ಅದರ ಸುದ್ದಿ ತಮಗೆ ತಿಳಿದದ್ದು ಆ ಅರ್ಜಿಯಿಂದಲೇ; ಅಂದರೆ ಓದಿದ್ದೀರಿ, ಸಂತೋಷ. ತಿಕ್ಕದೆ, ಬಳಿಯದೆ ಉಳಿದಿರುವುದು ಇದೊಂದೇ. ಸರಕಾರದ ಸ್ವತ್ತು ಎಂಬುದರಲ್ಲಿ ನನಗೆ ತಕರಾರಿಲ್ಲ. ಮೊದಲು ಗುರುದೇವಿಯ ಪರೀಕ್ಷೆಗೆ ಲಿಖಿತ ಅನುಮತಿ ಕೊಡಿ; ಬ್ರಷ್ ಮುಟ್ಟಿಸುವುದಿಲ್ಲವೆಂದು ಅದರಲ್ಲೇ ಬರೆಯಿರಿ.

ಅಲ್ಲಿಯವರೆಗೆ ಯಾರನ್ನು ಬೇಕಾದರೂ ಕಳಿಸಿ. ಬಿಸಿಲಲ್ಲಿ ಬಂದವರಿಗೆ ಮರಿಲಿಂಗಮ್ಮ ನೀರು ಕೊಡುತ್ತಾಳೆ. ಮುಚ್ಚಳ ಕೊಡುವುದಿಲ್ಲ.

ಇಂತಿ,
ಹನ್ನೊಂದು ಮಡಿಕೆ ಒಪ್ಪಿಸಿ ಬುದ್ಧಿ ಕಲಿತ
ಚಂದ್ರಾಮಪ್ಪ, ಮುದನಾಳ