ಡಬ್ಬಿಯ ಬಿಳಿ ಮಾತ್ರೆ

ತ್ರಾಸಿ
ಶನಿವಾರ, 16-11-2024

ಪ್ರೀತಿಯ ತಮ್ಮ ಶೀನನಿಗೆ,

ಜಲಜಕ್ಕನ ಆಶೀರ್ವಾದಗಳು. ಹೇಗಿದ್ದಿ? ಊಟ ಸೇರುತ್ತದೆಯೇ? ನಿದ್ರೆ ಬರುತ್ತದೆಯೇ? ಎದೆ ಹೊಡೆದುಕೊಳ್ಳುತ್ತದೆಯೇ? ಇದ್ದದ್ದನ್ನು ಇದ್ದ ಹಾಗೆ ಹೇಳು. ಮುಂಬೈಯಲ್ಲಿ ಹೋಟೆಲು ನಡೆಸಿದವನು ನೀನು, ಗಿರಾಕಿಗೆ ಹೇಳಿದಂತೆ ಎಲ್ಲ ಫಸ್ಟ್ ಕ್ಲಾಸ್ ಅನ್ನಬೇಡ. ಫೋನು ಮಾಡಿದರೆ ನಿನ್ನ ಹೆಂಡತಿ ಎತ್ತುತ್ತಾಳೆ, ಅದಕ್ಕೇ ಈ ಕಾಗದ. ಸುಜನನ ಕೈಯಲ್ಲಿ ಆಸ್ಪತ್ರೆಗೇ ಕಳಿಸುತ್ತಿದ್ದೇನೆ. ದಾರಿಯಲ್ಲಿ ತೆಕ್ಕಟ್ಟೆಯ ಸ್ನೇಹಿತರು ಸಿಕ್ಕಿದರೂ ಕಾರು ನಿಲ್ಲಿಸಬೇಡ ಎಂದು ಮಗನಿಗೆ ಹೇಳಿದ್ದೇನೆ.

ಆ ಡಾಕ್ಟರ ಮೇಲೆ ನನಗೆ ಮೊದಲ ದಿನದಿಂದಲೇ ಅನುಮಾನ. ಹೊಟ್ಟೆಯ ದೊಡ್ಡ ರಕ್ತನಾಳ ಊದಿದೆ, ಒಡೆದರೆ ಜೀವಕ್ಕೆ ಅಪಾಯ, ಕತ್ತರಿಸಿ ಕೊಳವೆ ಜೋಡಿಸಬೇಕು ಎಂದರು. ಸರಿ, ಒಪ್ಪಿದೆ. ಆದರೆ ಹೊಟ್ಟೆಯ ಕಾಯಿಲೆಗೆ ಹೃದಯದ ಡಾಕ್ಟರು ಯಾಕೆ? ಎದೆಗೆ ತಂತಿ ಅಂಟಿಸಿ, ಸ್ಕ್ಯಾನು ಮಾಡಿ, ಹೃದಯ ಗಟ್ಟಿ ಇದೆ ಎಂದರು. ಗಟ್ಟಿ ಇದ್ದ ಹೃದಯಕ್ಕೆ ಒಂದು ತಿಂಗಳು ಮಾತ್ರೆ ಯಾಕೆ? ಹಂಚು ಸರಿ ಮಾಡಲು ಬಂದವನು ಬಾವಿಗೂ ಇಳಿಯುತ್ತೇನೆ ಅಂದ ಹಾಗಾಯಿತು. ನಾನು ಕೇಳಿದ್ದಕ್ಕೆ ಅವರು ನಕ್ಕರು. ನಗುವ ಡಾಕ್ಟರನ್ನು ನಾನು ನಂಬುವುದಿಲ್ಲ.

ನಿನ್ನ ಪ್ರಭಾವತಿಯ ಮೇಲೂ ಅನುಮಾನ ಇತ್ತು, ಮುಚ್ಚಿಡುವುದಿಲ್ಲ. ದೊಡ್ಡ ಕೆಲಸಕ್ಕೆ ಮೊದಲು ತಮ್ಮ ಮೂಲಮನೆಗೆ ಬಂದು, ದೈವಕ್ಕೆ ಕೈಮುಗಿದು, ಅಕ್ಕ ಬಡಿಸಿದ್ದನ್ನು ಉಂಡು ಹೋಗುವುದು ನಮ್ಮ ಕ್ರಮ. ಹಾಗೆ ನೀನು ಬ್ರಹ್ಮಾವರದಿಂದ ಇಲ್ಲಿಗೆ ಬಂದು ಹನ್ನೆರಡು ದಿನ ನಿಂತೆ. ಅವಳು ಏಳು ಖಾನೆಯ ಮಾತ್ರೆ ಡಬ್ಬಿಯನ್ನೂ ಮುಂದಿನ ವಾರದ ಮಾತ್ರೆಗಳನ್ನೂ ನನ್ನ ಕೈಗೆ ಕೊಟ್ಟು, "ಅಕ್ಕ, ಆ ಬಿಳಿದ್ ಒಂದ್ ದಿನವೂ ತಪ್ಸೂಕಾಗ" ಎಂದಳು. ಜಗಲಿಯಲ್ಲೊಮ್ಮೆ, ಕಾರು ಹತ್ತುವಾಗ ಇನ್ನೊಮ್ಮೆ. ಇಷ್ಟು ಒತ್ತಿ ಹೇಳುವುದು ಯಾಕೆ? ನಿನಗೆ ಉಣ್ಣಿಸಿ ಬೆಳೆಸಿದ ನನಗೆ ಅವಳ ಪಾಠ ಬೇಕೇ?

ನೀನು ಬಂದ ದಿನ ಸಂಜೆ ಐದಕ್ಕೇ ತೂಕಡಿಸುತ್ತಿದ್ದೆ. ಕೈ ಹಿಡಿದು ನೋಡಿದೆ, ಗಡಿಯಾರ ಎದುರಿಗಿಟ್ಟು ನಾಡಿ ಎಣಿಸಿದೆ. ನಿಮಿಷಕ್ಕೆ ಐವತ್ತನಾಲ್ಕು. ಇನ್ನೊಮ್ಮೆ ಎಣಿಸಿದೆ, ಅಷ್ಟೇ. ನಮ್ಮ ದುಗ್ಗಪ್ಪಣ್ಣ ಹರ್ನಿಯಾ ಆಪರೇಷನ್ನಿಗೆಂದು ನಗುತ್ತಾ ಹೋದವನು ಬಟ್ಟೆ ಸುತ್ತಿಕೊಂಡು ಬಂದ. ಹೃದಯ ನಿಂತಿತು ಎಂದರು, ಅಷ್ಟೇ. ಇವರು ನಿನ್ನ ಹೃದಯವನ್ನು ಮೊದಲೇ ನಿಧಾನ ಮಾಡಿ ನಿಲ್ಲಿಸುತ್ತಾರೆ ಎಂದು ನನಗೆ ಅನಿಸಿತು. ಎರಡು ದಿನ ಕಳೆದು ನೀನು ಚುರುಕಾದೆ, ತೋಟ ಸುತ್ತಿ ಬಂದೆ. ನನ್ನ ಕೈಯ ಗಂಜಿಯ ಗುಣ ಎಂದು ಹೆಮ್ಮೆಪಟ್ಟೆ.

ಇವತ್ತು ಬೆಳಿಗ್ಗೆ ಪ್ರಭಾವತಿ ಸುಜನನಿಗೆ ಫೋನು ಮಾಡಿದ್ದಳಂತೆ. ನಿನ್ನೆ ಸೇರಿಸಿಕೊಂಡಾಗ ನಿನ್ನ ನಾಡಿ ತೊಂಬತ್ತೆಂಟು ಇತ್ತಂತೆ. ತಿಂಗಳಿಡೀ ಮಾತ್ರೆ ತಿಂದವನಿಗೆ ಇಷ್ಟು ಹೇಗೆ ಎಂದು ಡಾಕ್ಟರಿಗೇ ಆಶ್ಚರ್ಯ. ಮಾತ್ರೆ ಸಾಲದು, ಹೆಚ್ಚು ಮಾಡಿ ಸೋಮವಾರ ಬೆಳಿಗ್ಗೆ ಆಪರೇಷನ್ ಮುಗಿಸುವ ಎಂದಿದ್ದಾರೆ. ನನ್ನ ಸೊಸೆ ಧನ್ಯಶ್ರೀ ಬೈಂದೂರಿನಲ್ಲಿ ನರ್ಸ್ ಅಲ್ಲವೇ, ಯಾರದ್ದೋ ಸಂಗತಿ ಎಂಬಂತೆ ಅವಳನ್ನು ಕೇಳಿದೆ. ಆ ರಕ್ತನಾಳವನ್ನು ಕಟ್ಟಿ ಬಿಚ್ಚುವಾಗ ಹೃದಯದ ಮೇಲೆ ವಿಪರೀತ ಭಾರ ಬೀಳುತ್ತದಂತೆ. ಆಗ ಅದು ಹುಚ್ಚಾಪಟ್ಟೆ ಓಡಿ ಸೋಲಬಾರದೆಂದೇ ಆ ಮಾತ್ರೆಯಂತೆ. "ನಡುವಲ್ಲಿ ಬಿಟ್ರೆ ಮೊದ್ಲಿಗಿಂತ ಜೋರ್ ಓಡತ್ತ್ ಅತ್ತೆ. ಬಿಟ್ಟದ್ ಡಾಕ್ಟರಿಗೆ ಗೊತ್ತಿಲ್ದೆ ಇದ್ರೆ ಇನ್ನೂ ಕಷ್ಟ" ಎಂದಳು. ಒಲೆಯ ಮೇಲಿನ ಗಂಜಿ ಇಳಿಸಿಟ್ಟು ಈ ಕಾಗದ ಬರೆಯಲು ಕೂತೆ.

ದೈವ ನಿನ್ನನ್ನು ಕಾಯಲಿ. ಪ್ರಭಾವತಿಗೆ ನಾನು ಕೇಳಿದೆನೆಂದು ಹೇಳು, ಈ ಸಲ ಮನಸ್ಸಿನಿಂದಲೇ.

ನಿನ್ನ ಅಕ್ಕ,
ಜಲಜ

ಮರೆಯುವ ಮೊದಲು ಅಂತ ಬರೆಯಲು ಹೊರಟೆ. ಸುಳ್ಳು, ಇದನ್ನು ಮರೆತಿರಲಿಲ್ಲ, ಬರೆಯಲು ಧೈರ್ಯ ಇರಲಿಲ್ಲ. ನೀನು ಬಂದ ಮರುದಿನವೇ ಡಬ್ಬಿಯ ಬಿಳಿ ಮಾತ್ರೆಗಳನ್ನು ತೆಗೆದು, ನನ್ನ ಮಂಡಿನೋವಿನ ಹೋಮಿಯೋಪತಿಯ ಸಕ್ಕರೆ ಮಾತ್ರೆ ಹಾಕಿದೆ. ಹನ್ನೊಂದು ದಿನ ನೀನು ತಿಂದದ್ದು ಅದನ್ನೇ. ಆಸ್ಪತ್ರೆಗೆ ಹೊರಟಾಗ ತುಂಬಿಸಿ ಕೊಟ್ಟದ್ದೂ ಅದನ್ನೇ. ರುಚಿ ಬೇರೆ ಎಂದು ನಿನಗೆ ಗೊತ್ತಾಗಿತ್ತು ಶೀನ, ಆದರೂ "ಅಕ್ಕ ಕೊಟ್ರೆ ವಿಷ ಆದ್ರೂ ಕುಡಿತೆ" ಎಂದು ನಕ್ಕು ನುಂಗಿದೆ. ನಿಜವಾದ ಮಾತ್ರೆಗಳೆಲ್ಲ ಈ ಕಾಗದದ ಜೊತೆಗಿರುವ ಪೊಟ್ಟಣದಲ್ಲಿವೆ, ಒಂದೂ ಕಳೆದಿಲ್ಲ. ನೀನಾಗಿ ಒಂದನ್ನೂ ತಿನ್ನಬೇಡ. ಕಾಗದವನ್ನೂ ಪೊಟ್ಟಣವನ್ನೂ ಈಗಲೇ ಪ್ರಭಾವತಿಯ ಕೈಗೆ ಕೊಡು. ಪ್ರಭಾವತಿ, ಮೊದಲು ಡಾಕ್ಟರ ಹತ್ತಿರ ಓಡು. ನನ್ನನ್ನು ಬೈಯಲು ಆಮೇಲೆ ಬಾ, ನಾನು ಜಗಲಿಯಲ್ಲೇ ಕೂತಿರುತ್ತೇನೆ.