ಚುಕ್ಕಿ ಇಟ್ಟು ಬಿಟ್ಟ ಬಾಗಿಲು

ಚಿತ್ರದುರ್ಗ
ಶಾಲಿವಾಹನ ಶಕೆ ೨೧೭೧, ವೈಶಾಖದ ನಲವತ್ತೇಳನೆಯ ದಿನ

ಸರ್ವಮಂಗಳಜ್ಜಿಗೆ ನಿನ್ನ ತಂಗಿ ಗಂಗಮ್ಮನ ಮರಿಮಗಳ ಮರಿಮಗಳು ಕೊಟ್ರಮ್ಮ ಮಾಡುವ ನಮಸ್ಕಾರಗಳು. ತಿಂಗಳಿಗೆ ನಲವತ್ತೇಳು ದಿನವೇ ಎಂದು ನಗಬೇಡ. ಬೇಸಿಗೆ ಮುಗಿಯಲೊಲ್ಲದು, ಹಾಗಾಗಿ ತಿಂಗಳನ್ನೇ ಎಳೆದು ಉದ್ದ ಮಾಡಿಕೊಂಡಿದ್ದೇವೆ. ನನ್ನ ಮಾತು ನಿನಗೆ ವಿಚಿತ್ರವಾಗಿ ಕೇಳಿದರೆ ಹೊಟ್ಟೆಗೆ ಹಾಕಿಕೋ.

ನಾವಿರುವುದು ನೆಲಬೀದಿಯಲ್ಲಿ, ಅಂದರೆ ಬಂಡೆಯ ಕೆಳಗೆ ಕೊರೆದ ಓಣಿಯಲ್ಲಿ. ಬೆಳಗಿನ ಜಾವ ಮೇಲೆ ಹತ್ತಿ ಮಂಜುಬಲೆ ಹಿಂಡುತ್ತೇವೆ. ಇಬ್ಬನಿ ಹಿಡಿಯುವ ಆ ಬಲೆಯೇ ನಮಗೆ ಬಾವಿ. ಅದಕ್ಕೆ ಮನೆಗೊಂದು ಪಾಳಿ. ಬಿಸಿಲೇರುವ ಮುನ್ನ ಇಳಿಯುತ್ತೇವೆ. ಹತ್ತುವ ಮುಂಚೆ ಬಾಗಿಲು ಗುಡಿಸಿ ರಂಗೋಲಿ ಹಾಕುತ್ತೇವೆ. ಕಾಲ ಎಷ್ಟೇ ಕೆಟ್ಟರೂ ಅದನ್ನು ಬಿಟ್ಟಿಲ್ಲ. ಆದರೆ ಮನೆಯಲ್ಲಿ ಕಷ್ಟವಿದ್ದವರು ಚುಕ್ಕಿ ಮಾತ್ರ ಇಟ್ಟು, ಗೆರೆ ಎಳೆಯದೆ ಒಳಗೆ ಹೋಗುತ್ತಾರೆ. ಅದಕ್ಕೆ ಚುಕ್ಕಿಬಾಗಿಲು ಎನ್ನುತ್ತೇವೆ. ಈ ಮನೆಯವರು ಇವತ್ತು ನಿಧಾನ ಎಂದು ಅದರ ಅರ್ಥ. ಯಾರೂ ಕಾರಣ ಕೇಳುವುದಿಲ್ಲ. ಅವರ ಪಾಳಿಯನ್ನು ಪಕ್ಕದ ಮನೆಯವರು ಮಾಡುತ್ತಾರೆ.

ಇದು ನಿನ್ನಿಂದ ಬಂದದ್ದಜ್ಜಿ. ಇನ್ನೂರು ವರ್ಷದ ಹಿಂದೆ ನೀನು ಗಂಗಮ್ಮನ ಫೋನಿಗೆ ಕಳಿಸಿದ ದನಿ ನಮ್ಮಲ್ಲಿ ಇನ್ನೂ ಇದೆ. "ಗಂಗೂ, ಅತ್ತೆನ ಮಗ್ಗುಲು ತಿರುಗ್ಸಿ ತಿರುಗ್ಸಿ ಸೊಂಟ ಬಿದ್ದೋಗೈತೆ ಕಣೇ. ಇವತ್ತು ಚುಕ್ಕಿ ಇಟ್ಟೆ, ಗೆರೆ ಎಳೆಯಾಕೆ ಕೈಯೇ ಏಳ್ಲಿಲ್ಲ. ಬೀದಿಯೋರು ಏನಂದ್ಕೊಂಡ್ರೋ, ಮಾನ ಹೋತು. ನಾಳೆ ಬೇಗ ಎದ್ದು ಎರಡರಷ್ಟು ದೊಡ್ಡದು ಹಾಕ್ತೀನಿ ಬಿಡು." ಕೊನೆಗೆ ಮೂಗು ಸೇದುವ ಸದ್ದು. ಮರುದಿನ ಗಂಗಮ್ಮ, ಅಕ್ಕ ಒಬ್ಬಳೇ ಆಗಬಾರದೆಂದು, ತನ್ನೂರಲ್ಲಿ ತಾನೂ ಚುಕ್ಕಿಯಿಟ್ಟು ಬಿಟ್ಟಳಂತೆ. ಆಮೇಲೆ ಅವಳ ಹೆಣ್ಣುಮಕ್ಕಳು, ಆಮೇಲೆ ಓಣಿ. ನಿನಗೆ ಮಾತ್ರ ಅವಳು ಹೇಳಲೇ ಇಲ್ಲ. ಅದೊಂದು ನನಗೆ ಸಿಟ್ಟು.

ಈ ಪದ್ಧತಿಯಲ್ಲೇ ಬೆಳೆದ ನಾನು ಎಂಥವಳು ಗೊತ್ತೇ? ಅವ್ವನಿಗೆ ಮರೆವು ಬಂದು ಎರಡು ವರ್ಷ. ಮನೆಯಲ್ಲಿ ನಾವಿಬ್ಬರೇ. ಒಂದು ದಿನವೂ ಚುಕ್ಕಿಬಾಗಿಲು ಮಾಡಲಿಲ್ಲ. ಕೊಟ್ರಮ್ಮ ಗಟ್ಟಿಗಿತ್ತಿ ಎಂದು ಓಣಿ ಹೊಗಳಿತು, ಗಟ್ಟಿಗಿತ್ತಿಯ ಬಾಗಿಲು ಯಾರೂ ತಟ್ಟಲಿಲ್ಲ. ಮಾತಾಡಲು ಗೋಡೆ ಬಿಟ್ಟರೆ ಗತಿಯಿರಲಿಲ್ಲ. ನಿನ್ನೆ ಗಂಜಿ ಉಗುಳಿದಳೆಂದು ಅವ್ವನ ಮೇಲೆ ಕೈ ಎತ್ತಿದೆ. ಹೊಡೆಯಲಿಲ್ಲ. ಅವಳು ಆ ಕೈಯನ್ನೇ ಹಿಡಿದುಕೊಂಡು, "ಯಾರವ್ವಾ ನೀನು? ಬಾಳ ಸೊರಗಿದ್ದೀಯ, ಉಂಡ್ಯಾ?" ಎಂದಳು. ನಾನು ಉಂಡಿರಲಿಲ್ಲ. ಇನ್ನೊಂದು ದಿನ ಹೀಗೇ ಓಡಿದ್ದರೆ ಆ ಕೈ ಅವ್ವನ ಮೇಲೆ ಬೀಳುತ್ತಿತ್ತು, ನನಗೆ ಗೊತ್ತು.

ಇವತ್ತು ಚುಕ್ಕಿ ಇಟ್ಟು ಒಳಗೆ ಬಂದೆ. ಅಯ್ಯೋ, ಎಷ್ಟು ನಾಚಿಕೆಯಾಯಿತು! ಅವ್ವನ ಪಕ್ಕ ಕೂತು ಒಂದೇ ಬಟ್ಟಲಲ್ಲಿ ಗಂಜಿ ಕುಡಿದೆವು, ಅವಳಿಗೆರಡು ಗುಟುಕು, ನನಗೊಂದು. ಹೊರಗೆ ಯಾರೋ ನನ್ನ ಬಿಂದಿಗೆ ಎತ್ತಿಕೊಂಡು ಹೋದ ಸದ್ದಾಯಿತು. ಆಗ ಅತ್ತುಬಿಟ್ಟೆ.

ಈ ಕಾಗದ ನಿನಗೆ ಮುಟ್ಟುವುದಿಲ್ಲ, ಬಲ್ಲೆ. ಆದರೂ ಬೇಡಿಕೊಳ್ಳುತ್ತೇನೆ: ನಾಳೆ ಎರಡರಷ್ಟು ದೊಡ್ಡದು ಹಾಕಬೇಡ. ಚುಕ್ಕಿ ಸಾಕು. ಬೀದಿಯವರು ಅಂದುಕೊಂಡರೆ ಅಂದುಕೊಳ್ಳಲಿ. ನಿನ್ನ ಆ ದನಿಯನ್ನು ಎಷ್ಟೋ ಜನ ಕೇಳಿದ್ದೇವೆ. ಒಬ್ಬರೂ ಉತ್ತರ ಕೊಟ್ಟಿಲ್ಲ. ನಾನು ಕೊಡುತ್ತೇನೆ.

ಅಜ್ಜೀ, ಉಂಡ್ಯಾ?